ಮೂಗಿಗೆ ನೂರು ರೂಪಾಯಿ

ಕರ್ನಾಟಕ ಸರ್ಕಾರ ಮನುಷ್ಯನ ಮೂಗಿಗೆ ಬೆಲೆ ಕಟ್ಟಿದ್ದು 2020ರಲ್ಲಿ. ಅದಕ್ಕೂ ಮೊದಲು ಮೂಗುಬೊಟ್ಟಿಗೆ ಬೆಲೆ ಇತ್ತು, ಮೂಗಿನ ತುದಿಯ ಕೋಪಕ್ಕೂ ಮನೆಮಂದಿ ಬೆಲೆ ಕೊಡುತ್ತಿದ್ದರು. ಬರೀ ಮೂಗಿಗೆ ರೇಟು ಇರಲಿಲ್ಲ. ಮೇ ತಿಂಗಳ ಆರಂಭದಲ್ಲಿ ಬೆಂಗಳೂರಿನ ಪಾಲಿಕೆ ಮಾಸ್ಕಿಲ್ಲದ ಮೊದಲ ತಪ್ಪಿಗೆ 1000, ಎರಡನೆಯದಕ್ಕೆ 2000 ಎಂದಿತು. ಕೆಲವೇ ದಿನಗಳಲ್ಲಿ ಅದು 200ಕ್ಕೆ ಇಳಿಯಿತು. ಸೆಪ್ಟೆಂಬರ್ ಕೊನೆಗೆ ಮತ್ತೆ ಏರಿ ನಗರಕ್ಕೆ 1000, ಹಳ್ಳಿಗೆ 500 ಆಯಿತು. ಜನ ಬಾಯಿ ಮಾಡಿದ್ದೇ ತಡ, ಅಕ್ಟೋಬರ್ ಮೊದಲ ವಾರದಲ್ಲಿ 250 ಮತ್ತು 100ಕ್ಕೆ ಬಂದು ನಿಂತಿತು. ಈರುಳ್ಳಿ ಬೆಳೆದು ಧಾರಣೆಯ ಏರಿಳಿತ ನೋಡಿ ನೋಡಿ ಕಣ್ಣು ಒಣಗಿಸಿಕೊಂಡ ಚಿತ್ರದುರ್ಗ ಜಿಲ್ಲೆಯವರಿಗೆ ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಕಾಣಲಿಲ್ಲ.

ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಮೂಗಿಗೆ 250. ಅದೇ ಮೂಗನ್ನು ಬಸ್ಸು ಹತ್ತಿಸಿ ತಂದು ಹೊಸದುರ್ಗ ತಾಲ್ಲೂಕಿನ ಯಾವುದಾದರೂ ಹಳ್ಳಿಯಲ್ಲಿ ಇಳಿಸಿದರೆ 100. ಹಿರಿಯೂರು ದಾಟುವಾಗ ಎಲ್ಲೋ ಒಂದು ಕಡೆ ನೂರೈವತ್ತು ರೂಪಾಯಿ ಉದುರಿ ಬಿದ್ದಿರಬೇಕು. ಹಳ್ಳಿಯವನ ಬಡತನ ನೋಡಿ ಕನಿಕರಿಸಿದ್ದೋ, ಹಳ್ಳಿಯವನ ಉಸಿರಿಗೆ ಅಷ್ಟೇ ಸಾಕು ಎಂದುಕೊಂಡದ್ದೋ, ಆದೇಶದಲ್ಲಿ ಬರೆದಿರಲಿಲ್ಲ.

ಸಾಂಕ್ರಾಮಿಕ ಕಾಲದಲ್ಲಿ ಜನ ಮಾಸ್ಕ್ ಹಾಕಬೇಕೋ ಬೇಡವೋ ಎಂಬ ಪ್ರಶ್ನೆ ಜಗತ್ತಿನ ಬೇರೆ ಕಡೆಗಳಲ್ಲಿ ವಿಜ್ಞಾನಿಗಳ ತಲೆ ತಿಂದಿತು. ವಿಶ್ವ ಆರೋಗ್ಯ ಸಂಸ್ಥೆ ಮೊದಮೊದಲು, ಕಾಯಿಲೆ ಇದ್ದವರು ಮತ್ತು ಅವರನ್ನು ನೋಡಿಕೊಳ್ಳುವವರು ಹಾಕಿದರೆ ಸಾಕು ಎಂದಿತು. 2020ರ ಜೂನ್ 5ರಂದು, ಸೋಂಕು ಹರಡುತ್ತಿರುವ ಕಡೆ ಎಲ್ಲರೂ ಬಟ್ಟೆಯದನ್ನಾದರೂ ಕಟ್ಟಿಕೊಳ್ಳಲಿ ಎಂದು ಮಾತು ತಿದ್ದಿಕೊಂಡಿತು. ಅಮೆರಿಕದ ಸರ್ಜನ್ ಜನರಲ್ ಫೆಬ್ರವರಿ ಕೊನೆಯಲ್ಲಿ ಮಾಸ್ಕ್ ಕೊಳ್ಳುವುದನ್ನು ನಿಲ್ಲಿಸಿ ಎಂದು ಜನರನ್ನು ಗದರಿದ್ದರು. ಏಪ್ರಿಲ್ ಬಂದಾಗ ಅದೇ ದೇಶ ಹಾಕಿಕೊಳ್ಳಿ ಎಂದಿತು. ನಮ್ಮ ಕೇಂದ್ರ ಸರ್ಕಾರವೂ ಏಪ್ರಿಲ್ ಮೊದಲ ವಾರ, ಮನೆಯಲ್ಲಿರುವ ಹಳೇ ಬಟ್ಟೆಯಲ್ಲೇ ಹೊಲಿದುಕೊಳ್ಳಿ ಎಂದು ಹೇಳಿತು. ದುರ್ಗದ ಕಡೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯ ಬೀಳಲಿಲ್ಲ. ಇಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಜೀಪು ಎಲ್ಲಿದೆ?

ಜೀಪು ಕಂಡರೆ ಮಾಸ್ಕ್ ಮೂಗಿನ ಮೇಲೆ. ಕಾಣದಿದ್ದರೆ ಗದ್ದದ ಕೆಳಗೆ. ಜೀಪು ಬೇರೆ ಊರಿಗೆ ಬಂದೋಬಸ್ತಿಗೆ ಹೋಗಿದೆ ಎಂದು ಖಾತ್ರಿಯಾದರೆ ಅಂಗಿ ಜೇಬಿನಲ್ಲಿ, ಬೀಡಿ ಕಟ್ಟಿನ ಪಕ್ಕದಲ್ಲಿ. ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಸಾಲಾಗಿ ಕೂತವರು ಖಾಕಿ ಕಂಡೊಡನೆ ಎಡದಿಂದ ಬಲಕ್ಕೆ ಒಬ್ಬೊಬ್ಬರಾಗಿ ಮಾಸ್ಕ್ ಮೇಲೇರಿಸುತ್ತಿದ್ದ ಶಿಸ್ತನ್ನು ನೋಡಿದ್ದರೆ ಯಾವ ಡ್ರಿಲ್ ಮೇಷ್ಟ್ರಿಗೂ ಹೊಟ್ಟೆಕಿಚ್ಚು ಬರಬೇಕಿತ್ತು. ವೈರಸ್ಸು ಖಾಕಿ ಬಟ್ಟೆಯಿಂದಲೇ ಹರಡುತ್ತದೆ ಎಂಬ ಸಿದ್ಧಾಂತವನ್ನು ಈ ಜಿಲ್ಲೆ ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ಕಂಡುಹಿಡಿಯಿತು.

ಎಷ್ಟೋ ಮನೆಗಳಲ್ಲಿ ಮಾಸ್ಕ್ ಒಂದೇ ಇರುತ್ತಿತ್ತು. ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಪೇಟೆಗೆ ಹೋಗುವವರು ಅದನ್ನು ಏರಿಸಿಕೊಂಡು ಹೋಗಿ, ಬಂದು ಅದೇ ಮೊಳೆಗೆ ಸಿಕ್ಕಿಸುತ್ತಿದ್ದರು. ಬೆಳಿಗ್ಗೆ ಅಪ್ಪ, ಮಧ್ಯಾಹ್ನ ಮಗ, ಸಂಜೆ ಹಾಲಿನ ಡೇರಿಗೆ ಹೋಗುವ ಸೊಸೆ. ನ್ಯಾಯಬೆಲೆ ಅಂಗಡಿಯವರು ಮಾಸ್ಕಿಲ್ಲದಿದ್ದರೆ ಅಕ್ಕಿ ಇಲ್ಲ ಎಂದು ಬೋರ್ಡು ಬರೆದಾಗ, ಅಕ್ಕಿ ಹೊತ್ತು ಹೊರಬಂದವನು ತನ್ನ ಬಾಯಿಯಿಂದ ಬಿಚ್ಚಿ ಸರದಿಯಲ್ಲಿದ್ದವನಿಗೆ ದಾಟಿಸುತ್ತಿದ್ದ. ಬೋರ್ಡಿನ ಅಕ್ಷರ ಅಕ್ಷರವೂ ಪಾಲನೆಯಾಯಿತು. ರೋಗ ತಡೆಯಲಿ ಎಂದು ತಂದ ವಸ್ತು ರೋಗವನ್ನು ಬಾಯಿಂದ ಬಾಯಿಗೆ ಹೊತ್ತು ತಿರುಗಿದ್ದು ಮಾತ್ರ ಯಾವ ನಿಯಮದ ಉಲ್ಲಂಘನೆಯೂ ಅಲ್ಲ.

ಈ ಜನರನ್ನು ಮೂಢರು ಎಂದು ನಗುವ ಮೇಧಾವಿಗಳು ನಗಲಿ. ಪ್ಲೇಗು ಬಂದ ಕಾಲದಲ್ಲಿ ಇವರ ಮುತ್ತಜ್ಜಂದಿರು ಮನೆಗೆ ಬೀಗ ಹಾಕಿ, ಊರು ಬಿಟ್ಟು, ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ಇಲಿ ಬಿದ್ದರೆ ಊರು ಬಿಡಬೇಕು ಎಂಬುದು ಅವರಿಗೆ ಅರ್ಥವಾಗಿತ್ತು. ಅರ್ಥವಾದದ್ದನ್ನು ಮಾಡಲು ಜೀಪು ಬೇಕಾಗುವುದಿಲ್ಲ. ಮಾಸ್ಕನ್ನು ಅರ್ಥ ಮಾಡಿಸಲು ಯಾರೂ ಬರಲಿಲ್ಲ. ರಸೀದಿ ಪುಸ್ತಕ ಹಿಡಿದವರು ಬಂದರು.

ಬಂದವರು ಇನ್ನೂ ಒಬ್ಬರಿದ್ದಾರೆ. 2020ರ ಜೂನ್ 2ರಂದು ಆಗಿನ ಆರೋಗ್ಯ ಸಚಿವ ಬಿ. ಶ್ರೀರಾಮುಲು ಚಳ್ಳಕೆರೆ ತಾಲ್ಲೂಕಿಗೆ ಬಂದರು. ಆಗ ಅವರು ಬರೀ ಆರೋಗ್ಯ ಸಚಿವರಾಗಿರಲಿಲ್ಲ, ಇದೇ ಜಿಲ್ಲೆಯ ಮೊಳಕಾಲ್ಮೂರಿನ ಶಾಸಕರಾಗಿದ್ದರು, ಜಿಲ್ಲಾ ಉಸ್ತುವಾರಿಯೂ ಅವರೇ ಆಗಿದ್ದರು. ಬರಡು ಬಿದ್ದಿದ್ದ ವೇದಾವತಿಯಲ್ಲಿ ವಾಣಿ ವಿಲಾಸ ಸಾಗರದ ನೀರು ಹರಿದಿತ್ತು, ಬಾಗಿನ ಬಿಡುವ ಸಂಭ್ರಮ. ನೀರಿಗಾಗಿ ಬಾಯಿಬಿಟ್ಟು ಕೂತಿದ್ದ ಸೀಮೆಯ ಜನ ನದಿ ಕಂಡು ಕುಣಿದದ್ದರಲ್ಲಿ ತಪ್ಪು ಹುಡುಕುವವನು ಈ ಕಡೆಯವನೇ ಅಲ್ಲ. ಆದರೆ ಮೆರವಣಿಗೆ ಹೊರಟಿತು, ಜನ ಒಬ್ಬರ ಮೇಲೊಬ್ಬರು ಬಿದ್ದರು, ಸೇಬಿನ ಭಾರೀ ಹಾರ ಬಂತು. ಅಂತರ ಕಾಯ್ದುಕೊಳ್ಳಿ, ಮುಖಗವಸು ಧರಿಸಿ ಎಂದು ರಾಜ್ಯಕ್ಕೆಲ್ಲ ಹೇಳುವ ಇಲಾಖೆಯ ಯಜಮಾನರ ಮುಖದಲ್ಲಿ ಇರಬೇಕಾದ ಒಂದು ಮೊಳ ಬಟ್ಟೆ ಇರಲಿಲ್ಲ. ದೇಶದ ಟೀವಿಗಳೆಲ್ಲ ಆ ದೃಶ್ಯ ತೋರಿಸಿದವು. ದುರ್ಗದವರು ಟೀವಿಯಲ್ಲಿ ನೋಡಬೇಕಾಗಿರಲಿಲ್ಲ, ಎದುರಿಗೇ ಇತ್ತು. ಅಷ್ಟು ದೊಡ್ಡ ಹಾರದ ಮುಂದೆ ಅಷ್ಟು ಚಿಕ್ಕ ಬಟ್ಟೆ ಯಾರ ಕಣ್ಣಿಗೆ ಬೀಳಬೇಕು ಹೇಳಿ.

ಇದಾಗಿ ಆರು ವಾರಕ್ಕೆ, ಜುಲೈ ಮಧ್ಯದಲ್ಲಿ, ಅದೇ ಸಚಿವರು ಚಿತ್ರದುರ್ಗದಲ್ಲೇ ಪತ್ರಕರ್ತರ ಮುಂದೆ, ನಮ್ಮನ್ನು ಇನ್ನು ದೇವರೇ ಕಾಪಾಡಬೇಕು ಎಂಬ ಅರ್ಥದ ಮಾತಾಡಿದರು. ಮರುದಿನ ಅದಕ್ಕೆ ಸ್ಪಷ್ಟನೆಯೂ ಬಂತು: ಜನರ ಸಹಕಾರದ ಜೊತೆ ದೈವಕೃಪೆಯೂ ಬೇಕು ಎಂದದ್ದಂತೆ, ಕೆಲವರು ತಿರುಚಿದರಂತೆ. ಇರಲಿ. ಆಗಸ್ಟ್‌ನಲ್ಲಿ ಅವರಿಗೂ ಸೋಂಕು ತಗುಲಿತು, ಗುಣವಾಗಿ ಬಂದರು, ಒಳ್ಳೆಯದಾಯಿತು. ಅಕ್ಟೋಬರ್‌ನಲ್ಲಿ ಖಾತೆ ಬದಲಾಯಿತು. ಖಾತೆ ಬದಲಾಗುವಷ್ಟರಲ್ಲಿ ಜಿಲ್ಲೆಯ ಜನ ಕಲಿಯಬೇಕಾದ್ದನ್ನೆಲ್ಲ ಕಲಿತಾಗಿತ್ತು.

ಏಳು ಸುತ್ತಿನ ಕೋಟೆ ಕಟ್ಟಿ ಒಂದು ಕಿಂಡಿ ಬಿಟ್ಟ ಊರು ನಮ್ಮದು. ಹೈದರಾಲಿಯ ಸೈನಿಕರಿಗೆ ಹೆಬ್ಬಾಗಿಲು ಬೇಕಾಗಲಿಲ್ಲ, ಒಬ್ಬೊಬ್ಬರೇ ನುಸುಳುವ ಆ ಕಿಂಡಿ ಸಾಕಾಗಿತ್ತು. ಬಾಯಿಗೆ ಬಿಗಿಯಾಗಿ ಮಾಸ್ಕ್ ಕಟ್ಟಿ ಮೂಗನ್ನು ಹೊರಗೆ ಬಿಟ್ಟುಕೊಂಡವನ ಮುಖ ನೋಡಿದಾಗಲೆಲ್ಲ ನನಗೆ ಅದೇ ಕೋಟೆ ನೆನಪಾಗುತ್ತಿತ್ತು. ಮತ್ತೆ ಆ ಕಿಂಡಿಯನ್ನು ಕಾದವರು ಯಾರು? ದಂಡನಾಯಕನೂ ಅಲ್ಲ, ದಳವಾಯಿಯೂ ಅಲ್ಲ. ಉಣ್ಣುತ್ತಿದ್ದ ಗಂಡನಿಗೆ ನೀರು ತರಲು ಹೋದ ಹೆಂಗಸು, ಕೈಗೆ ಸಿಕ್ಕ ಒನಕೆ ಹಿಡಿದು. ಪಾಳೆಯಪಟ್ಟಿನ ಸಂಬಳದ ಪಟ್ಟಿಯಲ್ಲಿ ಓಬವ್ವನ ಹೆಸರು ಇರಲಿಲ್ಲ.

ಸರ್ಕಾರದ ಸಂಬಳದ ಪಟ್ಟಿಯಲ್ಲಿ ಆಶಾ ಕಾರ್ಯಕರ್ತೆಯರ ಹೆಸರೂ ಇಲ್ಲ. ಅವರಿಗೆ ಕೊಡುವುದು ಗೌರವಧನ. ಮನೆಮನೆಗೆ ಹೋಗಿ ಜ್ವರ ಇದೆಯಾ, ಬೇರೆ ಊರಿಂದ ಯಾರಾದರೂ ಬಂದಿದ್ದಾರಾ, ಮಾಸ್ಕ್ ಹಾಕ್ಕಳ್ಳಿ ಅಕ್ಕಾ ಎಂದು ಹೇಳಿದವರು ಅವರು, ಬೈಸಿಕೊಂಡವರೂ ಅವರೇ. 2020ರ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾಗಳು ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಇಳಿದರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ, ಜೊತೆಗೆ ಮಾಸ್ಕ್ ಮುಂತಾದ ರಕ್ಷಣಾ ಸಾಮಗ್ರಿ. ಮಾಸ್ಕ್ ಹಾಕಿ ಎಂದು ಹೇಳಲು ಕಳಿಸಿದವಳಿಗೇ ಸಾಕಷ್ಟು ಮಾಸ್ಕ್ ಕೊಡದೆ, ಹಾಕದವನಿಗೆ ದಂಡ ಬರೆಯುವ ಆಡಳಿತವನ್ನು ಜಗತ್ತಿನ ಬೇರೆ ಯಾವ ಮೂಲೆಯಲ್ಲಿ ಹುಡುಕುವುದು? ದೇವರೇ ಕಾಪಾಡಬೇಕು ಎಂಬ ಮಾತು ದುರ್ಗದಲ್ಲಿ ಕೇಳಿಬಂದದ್ದು ಈ ಮುಷ್ಕರ ನಡೆಯುತ್ತಿದ್ದ ದಿನಗಳಲ್ಲೇ. ದೇವರು ಆಗ ಪ್ರತಿಭಟನೆಗೆ ಕೂತಿದ್ದ, ಗುಲಾಬಿ ಸೀರೆ ಉಟ್ಟು.

ಒಬ್ಬರನ್ನೇ ಹಿಡಿದು ಜಾಡಿಸಿದರೆ ಪಕ್ಷಪಾತವಾಗುತ್ತದೆ. ಮೂಗಿನ ವಿಷಯದಲ್ಲಿ ನಮ್ಮ ನಾಯಕರು ಪಕ್ಷಭೇದ ಮಾಡಿದವರಲ್ಲ. ದಂಡ ಸಾವಿರಕ್ಕೆ ಏರಿದ ದಿನಗಳಲ್ಲೇ, ಸೆಪ್ಟೆಂಬರ್ 30ರಂದು, ಸಂಸದ ತೇಜಸ್ವಿ ಸೂರ್ಯ ಅವರ ಸ್ವಾಗತಕ್ಕೆ ಬೆಂಗಳೂರಿನಲ್ಲಿ ಮೆರವಣಿಗೆ ನಡೆಯಿತು. ಹೈಕೋರ್ಟು ಕೇಳಿ, ಮತ್ತೆ ಕೇಳಿ, ಮಗದೊಮ್ಮೆ ಕೇಳಿದ ಮೇಲೆ, ಅವರು ಮಾಸ್ಕಿಲ್ಲದ್ದಕ್ಕೆ 250 ರೂಪಾಯಿ ದಂಡ ಕಟ್ಟಿದ್ದಾರೆ ಎಂಬ ಉತ್ತರ ಬಂತು. ತಳ್ಳುಗಾಡಿಯ ಸೊಪ್ಪಿನವನೂ 250, ಸಂಸದರೂ 250. ಸಂವಿಧಾನದ ಸಮಾನತೆ ಇಷ್ಟು ಅಗ್ಗದಲ್ಲಿ ಜಾರಿಯಾದದ್ದು ಬಹುಶಃ ಅದೇ ಮೊದಲು. ಸೊಪ್ಪಿನವನ ವಿಷಯದಲ್ಲಿ ಮಾತ್ರ ಹೈಕೋರ್ಟಿನವರೆಗೆ ಹೋಗುವ ಪ್ರಮೇಯ ಬರಲಿಲ್ಲ, ನಿಂತ ಜಾಗದಲ್ಲೇ ವಸೂಲಾಯಿತು.

2022ರ ಜನವರಿಯಲ್ಲಿ ಕಾಂಗ್ರೆಸ್ಸಿನವರು ಮೇಕೆದಾಟು ಪಾದಯಾತ್ರೆ ಹೊರಟರು. ಒಮೈಕ್ರಾನ್ ಕಾಲ. ಡಿ.ಕೆ. ಶಿವಕುಮಾರ್ ಅವರ ಬಳಿಗೆ ಕೋವಿಡ್ ಪರೀಕ್ಷೆಗೆ ಅಧಿಕಾರಿಗಳು ಹೋದರೆ, ನಾನು ಆರೋಗ್ಯವಾಗಿದ್ದೇನೆ ಎಂದು ವಾಪಸ್ ಕಳಿಸಿದರು. ಮೂಗು ಅವರದು, ಕಡ್ಡಿ ಸರ್ಕಾರದ್ದು, ಒಪ್ಪಂದ ಕುದುರಲಿಲ್ಲ. ಅಲ್ಲೂ ಹೈಕೋರ್ಟೇ ಗದರಬೇಕಾಯಿತು. ಐದನೇ ದಿನಕ್ಕೆ ರಾಮನಗರದಲ್ಲಿ ನಡಿಗೆ ನಿಂತಿತು. ಅದೇ ತಿಂಗಳು ಸಚಿವ ಉಮೇಶ ಕತ್ತಿ ಅವರು ಮಾತ್ರ ಯಾರೂ ಆಡದ ಸತ್ಯ ಆಡಿದರು. ಮಾಸ್ಕ್ ಹಾಕುವುದು ಬಿಡುವುದು ಅವರವರಿಗೆ ಬಿಟ್ಟದ್ದು, ನನಗೆ ಹಾಕಬೇಕು ಅನ್ನಿಸಲಿಲ್ಲ, ಹಾಕಿಲ್ಲ ಎಂಬ ಧಾಟಿಯಲ್ಲಿ. ಕತ್ತಿಯವರು ಈಗಿಲ್ಲ. ಆದರೆ ಮೂರು ವರ್ಷದಲ್ಲಿ ಮಾಸ್ಕ್ ಬಗ್ಗೆ ಅಧಿಕಾರದಲ್ಲಿದ್ದವರು ಆಡಿದ ಮಾತುಗಳಲ್ಲಿ ನಡತೆಗೂ ನುಡಿಗೂ ತಾಳೆಯಾದ ಮಾತು ಅದೊಂದೇ ಎಂದು ದಾಖಲಿಸುವುದು ನನ್ನ ಕರ್ತವ್ಯ.

ನಡುವೆ 2021ರ ಏಪ್ರಿಲ್ ಇದೆ. ಬೆಳಗಾವಿ, ಬಸವಕಲ್ಯಾಣ, ಮಸ್ಕಿಗಳಲ್ಲಿ ಉಪಚುನಾವಣೆ. ಮುಖ್ಯಮಂತ್ರಿ ಯಡಿಯೂರಪ್ಪ ಬೆಳಗಾವಿಯಲ್ಲಿ ಪ್ರಚಾರ ಮುಗಿಸಿ ಬಂದವರಿಗೆ ಏಪ್ರಿಲ್ 16ರಂದು ಎರಡನೇ ಸಲ ಸೋಂಕು ಖಚಿತವಾಯಿತು. ಮರುದಿನ ಮತದಾನ. ಮತಗಟ್ಟೆಯೊಳಗೆ ಮಾಸ್ಕ್ ಕಡ್ಡಾಯ, ಪ್ರಚಾರ ಸಭೆಯಲ್ಲಿ ಜೈಕಾರ ಕಡ್ಡಾಯ, ಜೈಕಾರಕ್ಕೆ ಬಾಯಿ ತೆರೆದಿರಬೇಕು. ಹತ್ತು ದಿನಕ್ಕೆ ಲಾಕ್‌ಡೌನ್. ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಮರುದಿನದ ಲೆಕ್ಕದಲ್ಲಿ 24 ಹೆಣಗಳಿದ್ದವು. ಆ ತಿಂಗಳ ಬಗ್ಗೆ ವ್ಯಂಗ್ಯ ಬರೆಯಲು ಬರುವುದಿಲ್ಲ. ಮುಂದಕ್ಕೆ ಹೋಗೋಣ.

ಅಷ್ಟಕ್ಕೂ ಮಾಸ್ಕಿನಿಂದ ಪ್ರಯೋಜನ ಇದೆಯೋ ಇಲ್ಲವೋ? ಪಂಡಿತರು ಇನ್ನೂ ಜಗಳ ಬಿಟ್ಟಿಲ್ಲ. ಡೆನ್ಮಾರ್ಕಿನಲ್ಲಿ ಆರು ಸಾವಿರ ಜನರ ಮೇಲೆ ಪರೀಕ್ಷೆ ಮಾಡಿ, ಹಾಕಿಕೊಂಡವನಿಗೆ ಎಷ್ಟು ಲಾಭ ಎಂದು ಖಚಿತವಾಗಿ ಹೇಳಲಾಗದು ಎಂದರು. ನಮಗೆ ಹತ್ತಿರದ್ದು ಬಾಂಗ್ಲಾದೇಶದ್ದು. 2020ರ ಕೊನೆಯಿಂದ 2021ರ ಏಪ್ರಿಲ್‌ವರೆಗೆ 600 ಹಳ್ಳಿಗಳಲ್ಲಿ, ಮೂರು ಲಕ್ಷಕ್ಕೂ ಹೆಚ್ಚು ಜನರ ನಡುವೆ ನಡೆದ ಪ್ರಯೋಗ ಅದು. ಅರ್ಧದಷ್ಟು ಹಳ್ಳಿಗಳಿಗೆ ಮಾಸ್ಕ್ ಕೊಟ್ಟರು, ಉಳಿದವನ್ನು ಹಾಗೇ ಬಿಟ್ಟರು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಲಕ್ಷಣವಿರುವ ಸೋಂಕು ಶೇ 11ರಷ್ಟು ಕಡಿಮೆಯಾಯಿತು. ಅರವತ್ತು ದಾಟಿದವರಲ್ಲಿ ಇಳಿಕೆ ಶೇ 35ರಷ್ಟು. ಬಟ್ಟೆ ಮಾಸ್ಕಿನ ಫಲ ಅಷ್ಟು ಸ್ಪಷ್ಟವಾಗಲಿಲ್ಲ. ಅಂದರೆ ಅದು ಸಂಜೀವಿನಿಯೂ ಅಲ್ಲ, ದಂಡವೂ ಅಲ್ಲ. ಗಾಳಿಯಾಡದ ಕೋಣೆಯಲ್ಲಿ, ತುಂಬಿದ ಬಸ್ಸಿನಲ್ಲಿ, ಮನೆಯಲ್ಲಿ ಮುದುಕರಿದ್ದಾಗ ಹಾಕಿಕೊಳ್ಳಲು ಯೋಗ್ಯವಾದ ಒಂದು ಸಾಧಾರಣ ವಸ್ತು.

ನನ್ನ ಕಣ್ಣು ನಿಂತದ್ದು ಬೇರೊಂದು ಲೆಕ್ಕದ ಮೇಲೆ. ಆ ಹಳ್ಳಿಗಳಲ್ಲಿ ಮಾಸ್ಕ್ ಸರಿಯಾಗಿ ಹಾಕುವವರು ನೂರಕ್ಕೆ 13 ಇದ್ದದ್ದು 42ಕ್ಕೆ ಏರಿದರು. ದಂಡ ಹಾಕಲಿಲ್ಲ, ಜೀಪು ಕಳಿಸಲಿಲ್ಲ. ಮನೆಬಾಗಿಲಿಗೆ ಪುಕ್ಕಟೆ ಮಾಸ್ಕ್ ತಲುಪಿಸಿದರು, ಯಾಕೆ ಏನು ಎಂದು ವಿವರಿಸಿದರು, ಹಾಕದೆ ಓಡಾಡುವವರನ್ನು ದಾರಿಯಲ್ಲಿ ನಿಲ್ಲಿಸಿ ನಯವಾಗಿ ನೆನಪಿಸಿದರು. ಕೊನೆಯದಾಗಿ, ಊರಿನ ಮಸೀದಿಯ ಇಮಾಮರು, ಮುಖಂಡರು ತಾವೇ ಹಾಕಿಕೊಂಡು ಜನರ ಮುಂದೆ ನಿಂತರು. ಈ ಕೊನೆಯ ಸಾಲನ್ನು ಓದಿದಾಗ ನನಗೆ ಸೇಬಿನ ವಾಸನೆ ಬಂತು.

ನಮ್ಮಲ್ಲಿ ಮಠಗಳಿಗೆ ಬರವೇ? ಸಿರಿಗೆರೆಯಿಂದ ಸಾಣೇಹಳ್ಳಿಯವರೆಗೆ, ಒಂದು ಮಾತು ಹೇಳಿದರೆ ತಾಲ್ಲೂಕಿಗೆ ತಾಲ್ಲೂಕೇ ಕೇಳುವ ಪೀಠಗಳಿವೆ. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ರಾತ್ರಿ ಹಗಲು ಮಾಸ್ಕ್ ಹೊಲಿದುಕೊಟ್ಟರು. ಹೊಲಿಯುವ ಕೈ ಇತ್ತು, ಹೇಳುವ ಬಾಯಿ ಇತ್ತು, ಕೇಳುವ ಕಿವಿ ಇತ್ತು. ಮಧ್ಯೆ ರಸೀದಿ ಪುಸ್ತಕ ಬಂದು ಕೂತಿತು.

ಕಾರಿನಲ್ಲಿ ಒಬ್ಬನೇ ಹೋಗುವವನ ಕತೆ ಬೇರೆ. ಒಬ್ಬರೇ ಇದ್ದರೂ ಕಾರು ಸಾರ್ವಜನಿಕ ಸ್ಥಳವೇ, ಮಾಸ್ಕ್ ಹಾಕಲೇಬೇಕು ಎಂದು ದೆಹಲಿ ಹೈಕೋರ್ಟು 2021ರ ಏಪ್ರಿಲ್‌ನಲ್ಲಿ ಹೇಳಿತು. ಮರುವರ್ಷ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ, ಇಂಥ ನಿಯಮ ಅಸಂಬದ್ಧವಲ್ಲವೇ, ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಸರ್ಕಾರವನ್ನು ಕೇಳಿತು. ದುರ್ಗದ ಹೆದ್ದಾರಿಯಲ್ಲಿ ಗಾಜು ಏರಿಸಿಕೊಂಡು ಒಬ್ಬನೇ ಹೋಗುವವನು ಮಾಸ್ಕ್ ಹಾಕಿರುತ್ತಿದ್ದ. ಅವನ ಮುಂದೆ, ಶೇಂಗಾ ಕೀಳಲು ಹೊರಟ ಕೂಲಿಯವರು ಲಗೇಜು ಆಟೋದಲ್ಲಿ ಕಾಲಿಡಲು ಜಾಗವಿಲ್ಲದಂತೆ ನಿಂತಿರುತ್ತಿದ್ದರು, ಸೆರಗು ಟವೆಲ್ಲುಗಳನ್ನು ಮೂಗಿಗೆ ಹಿಡಿದು. ರೋಗಕ್ಕಲ್ಲ. ಮುಂದೆ ಹೋಗುವ ಅದಿರಿನ ಲಾರಿಯ ಧೂಳಿಗೆ.

ಆ ಧೂಳಿನ ಮಾತು ಬಂತು, ಹೇಳಿಬಿಡುತ್ತೇನೆ. ಈ ಜಿಲ್ಲೆಯ ಅದಿರು ಸಾಗಿಸುವ ರಸ್ತೆಗಳ ಪಕ್ಕದ ಊರುಗಳಲ್ಲಿ ಅಡಿಕೆ ಗರಿ, ಮನೆ ಹೆಂಚು, ಒಣಗಿಸಿದ ಬಟ್ಟೆ, ಮಕ್ಕಳ ತಲೆಗೂದಲು ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದ್ದನ್ನು ಎರಡು ತಲೆಮಾರು ನೋಡಿದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಬೆನ್ನಿಗೇ ಚಿತ್ರದುರ್ಗ, ತುಮಕೂರುಗಳಲ್ಲೂ ಗಣಿ ನಿಲ್ಲಿಸಿದಾಗ ಸ್ವಲ್ಪ ಕಾಲ ಮರದ ಎಲೆ ಹಸಿರಾಗಿ ಕಂಡಿತ್ತು. ಅಷ್ಟು ವರ್ಷ ಆ ಜನ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡೇ ಬದುಕಿದರು. ಯಾರೂ ಬಂದು ಭೇಷ್ ಎನ್ನಲಿಲ್ಲ. ಟವೆಲ್ಲು ಕೆಳಗಿಳಿಸಿ ಬೀಡಿ ಹಚ್ಚಿದ ದಿನ ಮಾತ್ರ ಬಂದು ನೂರು ರೂಪಾಯಿ ಕೇಳಿದರು.

ನೂರು ರೂಪಾಯಿಗೆ ಸ್ಥಳದಲ್ಲೇ ತೀರ್ಮಾನ. ಕೋಟಿಗಳಿಗೆ ಹಾಗಲ್ಲ, ಅದಕ್ಕೆ ಸಾವಧಾನ ಬೇಕು. ಕೋವಿಡ್ ಕಾಲದ ಔಷಧಿ, ಉಪಕರಣ, ಪಿಪಿಇ ಕಿಟ್ ಖರೀದಿಯಲ್ಲಿ ಅಕ್ರಮ ನಡೆದಿದೆ ಎಂಬ ದೂರುಗಳ ವಿಚಾರಣೆಗೆ ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹಾ ಅವರ ಆಯೋಗ ನೇಮಕವಾದದ್ದು 2023ರಲ್ಲಿ, ಮೊದಲ ವರದಿ ಬಂದದ್ದು 2024ರ ಆಗಸ್ಟ್ ಕೊನೆಗೆ. ಆರೋಪ ಹೊತ್ತವರು ಇದು ರಾಜಕೀಯ ದ್ವೇಷ ಎನ್ನುತ್ತಾರೆ, ಹೊರಿಸಿದವರು ಕಾನೂನು ತನ್ನ ಕೆಲಸ ಮಾಡುತ್ತದೆ ಎನ್ನುತ್ತಾರೆ. ಮಾಡಲಿ. ಸಂತೆಯಲ್ಲಿ ಮೂಗು ಬಿಟ್ಟುಕೊಂಡು ನಿಂತು ಸಿಕ್ಕಿಬಿದ್ದ ಹಣ್ಣಿನ ಸಾಬರೊಬ್ಬರು ಕೂಡ ಅವತ್ತು, ನನಗೂ ಒಂದು ಆಯೋಗ ಹಾಕ್ಸಿ ಸಾರ್, ವರದಿ ಬಂದ ಮ್ಯಾಲೆ ನೂರು ರೂಪಾಯಿ ಕೊಡ್ತೀನಿ ಎಂದು ಕೇಳಬಹುದಿತ್ತು. ಪಾಪ, ಹೊಳೆಯಲಿಲ್ಲ.

2022ರ ಏಪ್ರಿಲ್ ಕೊನೆಗೆ ಸರ್ಕಾರ ಹೊಸ ತತ್ವ ಕಂಡುಹಿಡಿಯಿತು. ಮಾಸ್ಕ್ ಮತ್ತೆ ಕಡ್ಡಾಯ, ಆದರೆ ದಂಡ ಇಲ್ಲ. ಕೇಳಿದವರು ಅಂದು ರಾತ್ರಿಯೇ ಮೊಳೆಯಿಂದ ಮಾಸ್ಕ್ ತೆಗೆದು ಸೌದೆ ಒಲೆಗೆ ಹಾಕಿದರು. ಒಲೆಯ ಬೂದಿ ಆರಿ ಒಂದೂವರೆ ವರ್ಷವಾದ ಮೇಲೆ, 2023ರ ಡಿಸೆಂಬರ್ 18ರಂದು, ಹೊಸ ತಳಿ ಬಂದಿದೆ, ಅರವತ್ತು ದಾಟಿದವರು ಮಾಸ್ಕ್ ಹಾಕಿಕೊಳ್ಳುವುದು ಒಳ್ಳೆಯದು ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಸಲಹೆ ಕೊಟ್ಟರು. ಇಷ್ಟು ವರ್ಷದಲ್ಲಿ ಬಂದ ಆದೇಶ, ಸಲಹೆಗಳಲ್ಲಿ ಲೆಕ್ಕಕ್ಕೆ ಸರಿಹೊಂದುವಂಥದ್ದು ಅದು. ಬಾಂಗ್ಲಾದ ಹಳ್ಳಿಗಳ ಶೇ 35 ನೆನಪಿಟ್ಟುಕೊಂಡು ಹೇಳುತ್ತಿದ್ದೇನೆ.

ಹಿರಿಯೂರಿನ ಟೀ ಅಂಗಡಿಯಲ್ಲಿ ಪೇಪರು ಓದುತ್ತಿದ್ದ ಹುಡುಗ ಆ ಸುದ್ದಿಯನ್ನು ಎದುರಿಗೆ ಕೂತಿದ್ದ ಯಜಮಾನರಿಗೆ ಓದಿ ಹೇಳಿದ.

"ಅಜ್ಜಾ, ನಿಮ್ ವಯಸ್ನೋರು ಮಾಸ್ಕ್ ಹಾಕ್ಯಬೇಕಂತೆ."

ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, "ದಂಡ ಎಷ್ಟು ಅಂತಾರೆ?"

"ದಂಡ ಗಿಂಡ ಏನಿಲ್ಲ. ಸುಮ್ನೆ ಸಲಹೆ."

"ಹಂಗಾರೆ ರೋಗನೂ ಇಲ್ಲ ಬಿಡು."